ಲೆಕ್ಕದ ಹಾಳೆಯೂ ಮಿಂಚಂಚೆಯೂ: ರೈತರಿಗೆ ಒಂದು ಪಾಠ



ಬೀಜೋಪಚಾರ, ಮಣ್ಣು ಪರೀಕ್ಷೆ, ಬದು ಕಟ್ಟುವುದು ಮುಂತಾದ ವಿಷಯಗಳನ್ನು ಈ ಪತ್ರಿಕೆಯಲ್ಲಿ ಓದುತ್ತ ಬಂದಿದ್ದೀರಿ. ಈ ಸಲದ ಪಾಠ ಮೇಜಿನ ಮುಂದೆ ಕುಳಿತು ಕಲಿಯುವಂಥದು. ಗಣಕಯಂತ್ರದಲ್ಲಾಗಲಿ ಕೈಯ ಫೋನಿನಲ್ಲಾಗಲಿ ಲೆಕ್ಕ ಬರೆಯುವುದು ಹೇಗೆ, ಮಿಂಚಂಚೆ, ಎಂದರೆ ಜನ ಇ-ಮೇಲ್ ಎಂದು ಕರೆಯುವ ಕಾಗದ, ಕಳುಹಿಸುವುದು ಹೇಗೆ ಎಂಬುದನ್ನು ಇಲ್ಲಿ ತಿಳಿಸಿದೆ.

"ಅದು ಆಫೀಸಿನವರ ವಿದ್ಯೆ, ನೇಗಿಲು ಹಿಡಿಯುವ ನಮಗೇತಕ್ಕೆ?" ಎಂದು ಕೇಳುವ ಹಿರಿಯರು ಪ್ರತಿ ಹಳ್ಳಿಯಲ್ಲೂ ಉಂಟು. ಕೇಳತಕ್ಕ ಮಾತೇ ಸರಿ. ಅಂಥವರಿಗೆ ನಾನು ಹಾಕುವ ಮರುಪ್ರಶ್ನೆ ಒಂದೇ: ಕಳೆದ ಸಲ ನೀವು ಸಹಾಯಧನಕ್ಕೆ ಹಾಕಿದ ಅರ್ಜಿಯಲ್ಲಿ ಬರೆದಿರುವ ಮಿಂಚಂಚೆ ವಿಳಾಸ ಯಾರದು? ಬಹಳ ಮಂದಿಗೆ ತಿಳಿಯದು. ವಿಚಾರಿಸಿ ನೋಡಿದರೆ ಅದು ಅರ್ಜಿ ತುಂಬಿಕೊಟ್ಟ ಅಂಗಡಿಯವರದಾಗಿರುತ್ತದೆ. "ನಿಮ್ಮ ದಾಖಲೆ ಸ್ಪಷ್ಟವಾಗಿಲ್ಲ, ಇಂಥ ದಿನದೊಳಗೆ ಮತ್ತೆ ಕಳುಹಿಸಿ" ಎಂದು ಕಚೇರಿಯಿಂದ ಬಂದ ಉತ್ತರ ಆ ಅಂಗಡಿಯ ಡಬ್ಬಿಯಲ್ಲಿ ನೂರಾರು ಕಾಗದಗಳ ನಡುವೆ ಬಿದ್ದಿರುತ್ತದೆ. ಅಂಗಡಿಯವರು ಮೋಸಗಾರರೆಂದು ಹೇಳುತ್ತಿಲ್ಲ. ಅವರಿಗೆ ದಿನಕ್ಕೆ ಹತ್ತಾರು ಜನರ ಕೆಲಸ. ನಿಮ್ಮ ಕಾಗದವನ್ನು ಹುಡುಕಿ ಮನೆಗೆ ತಂದುಕೊಡುವ ಅಂಚೆಯಣ್ಣ ಅವರಲ್ಲ.

ಪಹಣಿ ಗಣಕಯಂತ್ರಕ್ಕೆ ಹೋಗಿ ಎರಡು ದಶಕಗಳ ಮೇಲಾಯಿತು. ಹಾಲಿನ ಹಣ, ಬೆಳೆ ಸಮೀಕ್ಷೆ, ಬೆಳೆ ವಿಮೆ, ಸಂಘದ ಸದಸ್ಯರ ಪಟ್ಟಿ, ಎಲ್ಲವೂ ಅದೇ ದಾರಿ ಹಿಡಿದಿವೆ. ಆದ್ದರಿಂದ ಆ ಮೇಜಿನ ಕೆಲಸದ ಮೊದಲ ನಾಲ್ಕು ಪಾಠ ಮನೆಯಲ್ಲಿ ಒಬ್ಬರಿಗಾದರೂ ಬರಬೇಕು.

ಲೆಕ್ಕದ ಹಾಳೆ ಎಂದರೇನು?

ಚೌಕಾಬಾರದ ಮನೆಗಳನ್ನು ನೋಡಿದ್ದೀರಷ್ಟೆ. ಅಂಥವೇ ಮನೆಗಳುಳ್ಳ, ಆದರೆ ಬಹಳ ದೊಡ್ಡದಾದ ಒಂದು ಹಾಳೆಯನ್ನು ಊಹಿಸಿಕೊಳ್ಳಿ. ಮೇಲಿನಿಂದ ಕೆಳಕ್ಕೆ ಇಳಿಯುವುದು ಕಂಬಸಾಲು. ಅದಕ್ಕೆ ಎ, ಬಿ, ಸಿ ಎಂದು ಇಂಗ್ಲಿಷ್ ಅಕ್ಷರದ ಹೆಸರು. ಎಡದಿಂದ ಬಲಕ್ಕೆ ಹೋಗುವುದು ಅಡ್ಡಸಾಲು. ಅದಕ್ಕೆ 1, 2, 3 ಎಂದು ಸಂಖ್ಯೆ. ಎರಡೂ ಕೂಡುವ ಜಾಗವೇ ಒಂದು ಮನೆ. ಬಿ ಕಂಬಸಾಲಿನ 3ನೆಯ ಮನೆಗೆ "ಬಿ3" ಎಂದು ಹೆಸರು. ಎಕ್ಸೆಲ್ ಎಂಬ ತಂತ್ರಾಂಶದ ಒಂದು ಹಾಳೆಯಲ್ಲಿ 10,48,576 ಅಡ್ಡಸಾಲುಗಳಿವೆ. ನಮ್ಮ ಇಡೀ ಬ್ಲಾಕಿನ ಹಿಡುವಳಿಗಳನ್ನು ಬರೆದರೂ ಜಾಗ ಮಿಕ್ಕೀತು. ಎಕ್ಸೆಲ್‌ಗೆ ಹಣ ತೆರಬೇಕಾಗಬಹುದು. ಲಿಬ್ರೆ ಆಫೀಸ್ ಎಂಬುದು ಪುಕ್ಕಟೆ ಸಿಗುತ್ತದೆ. ಫೋನಿನಲ್ಲಿ ಗೂಗಲ್ ಶೀಟ್ಸ್ ಉಂಟು. ಮೂರರಲ್ಲಿಯೂ ಮನೆಗಳು ಹೀಗೆಯೇ ಇರುವುದರಿಂದ ಒಂದನ್ನು ಕಲಿತವರಿಗೆ ಉಳಿದವು ಕಷ್ಟವಾಗವು.

ಈ ಹಾಳೆಯ ಹುಟ್ಟಿನ ಕಥೆಯೂ ಸ್ವಾರಸ್ಯವಾಗಿದೆ. ಅಮೆರಿಕದಲ್ಲಿ ಡ್ಯಾನ್ ಬ್ರಿಕ್ಲಿನ್ ಎಂಬ ವಿದ್ಯಾರ್ಥಿ ತರಗತಿಯಲ್ಲಿ ಕುಳಿತಿದ್ದಾಗ ಹಲಗೆಯ ಮೇಲಿನ ಲೆಕ್ಕದ ಪಟ್ಟಿಯಲ್ಲಿ ಒಂದು ಅಂಕಿ ಬದಲಾದರೆ ಅದಕ್ಕೆ ಹೊಂದಿದ ಉಳಿದ ಅಂಕಿಗಳನ್ನೆಲ್ಲ ಅಳಿಸಿ ಮತ್ತೆ ಬರೆಯಬೇಕಾಗುವುದನ್ನು ಗಮನಿಸಿದ. ಅಂಕಿಗಳು ತಾವೇ ತಿದ್ದಿಕೊಳ್ಳುವಂತಿದ್ದರೆ ಎಷ್ಟು ಚೆನ್ನ ಎಂದು ಅವನಿಗೆ ತೋರಿತು. ಬಾಬ್ ಫ್ರಾಂಕ್‌ಸ್ಟನ್ ಎಂಬ ಜೊತೆಗಾರನೊಡನೆ ಅವನು ತಯಾರಿಸಿದ ವಿಸಿಕ್ಯಾಲ್ಕ್ ಎಂಬ ತಂತ್ರಾಂಶ 1979ರಲ್ಲಿ ಮಾರುಕಟ್ಟೆಗೆ ಬಂತು. ಎಕ್ಸೆಲ್ ಬಂದದ್ದು 1985ರಲ್ಲಿ. ಶಾನುಭೋಗರ ಕಡತವನ್ನಾಗಲಿ ಸಂಘದ ಖಾತೆ ಪುಸ್ತಕವನ್ನಾಗಲಿ ಬರೆದು ಬಲ್ಲವರಿಗೆ ಈ ವಿದ್ಯಾರ್ಥಿಯ ಬೇಸರ ಚೆನ್ನಾಗಿ ಅರ್ಥವಾಗುತ್ತದೆ.

ಒಂದು ಎಕರೆ ರಾಗಿಯ ಲೆಕ್ಕ

ಈಗ ಬರೆದೇ ನೋಡೋಣ. ಮೊದಲ ಅಡ್ಡಸಾಲಿನಲ್ಲಿ ತಲೆಬರಹ: ಎ ಮನೆಯಲ್ಲಿ ತಾರೀಕು, ಬಿಯಲ್ಲಿ ವಿವರ, ಸಿಯಲ್ಲಿ ಎಷ್ಟು, ಡಿಯಲ್ಲಿ ದರ, ಇಯಲ್ಲಿ ಮೊತ್ತ. ಎರಡನೆಯ ಸಾಲಿನಿಂದ ಖರ್ಚು. ಕೆಳಗಿನ ಅಂಕಿಗಳು ಕಲಿಕೆಗಾಗಿ ಹಾಕಿದವು. ನಿಮ್ಮೂರಿನ ದರ ಬೇರೆ ಇದ್ದೀತು.

ಟ್ರ್ಯಾಕ್ಟರ್ ಉಳುಮೆ 2 ಗಂಟೆ, ದರ 1,200, ಮೊತ್ತ 2,400. ಬಿತ್ತನೆ ಬೀಜ 5 ಕಿಲೋ, ದರ 50, ಮೊತ್ತ 250. ಕೊಟ್ಟಿಗೆ ಗೊಬ್ಬರದ ಸಾಗಣೆ 1 ಲೋಡು, 1,850. ಕಳೆ ತೆಗೆಯಲು 9 ಆಳು, ದರ 400, ಮೊತ್ತ 3,600. ಕೊಯ್ಲು ಮತ್ತು ಒಕ್ಕಣೆ ಗುತ್ತಿಗೆ 4,500. ಇಲ್ಲಿಗೆ ಐದು ಸಾಲಾಯಿತು.

ಮೊತ್ತವನ್ನು ನೀವು ಗುಣಿಸಿ ಬರೆಯಬೇಕಾಗಿಲ್ಲ. ಇ2 ಮನೆಯಲ್ಲಿ ಮೊದಲು ಸಮ ಚಿಹ್ನೆ ಹಾಕಿ, ಅನಂತರ ಸಿ2, ಆಮೇಲೆ ನಕ್ಷತ್ರದ ಗುರುತು, ಆಮೇಲೆ ಡಿ2 ಎಂದು ಇಂಗ್ಲಿಷ್ ಅಕ್ಷರದಲ್ಲಿ ಒತ್ತಿ ಎಂಟರ್ ಕೊಡಿ. 2,400 ಎಂದು ತಾನೇ ಬರುತ್ತದೆ. ನಕ್ಷತ್ರ ಎಂದರೆ ಗುಣಾಕಾರ. ಸಮ ಚಿಹ್ನೆಯಿಂದ ಪ್ರಾರಂಭಿಸಿದರೆ ಮಾತ್ರ ಯಂತ್ರ ಅದನ್ನು ಲೆಕ್ಕವೆಂದು ತಿಳಿಯುತ್ತದೆ; ಇಲ್ಲವಾದರೆ ನೀವು ಬರೆದದ್ದನ್ನು ಹಾಗೆಯೇ ಮಾತಾಗಿ ಇಟ್ಟುಕೊಳ್ಳುತ್ತದೆ. ಆ ಮನೆಯ ಬಲಗಡೆಯ ಕೆಳಮೂಲೆಯಲ್ಲಿರುವ ಚುಕ್ಕೆಯನ್ನು ಮೌಸಿನಿಂದ ಹಿಡಿದು ಕೆಳಕ್ಕೆ ಎಳೆದರೆ ಉಳಿದ ಸಾಲುಗಳ ಗುಣಾಕಾರವೂ ಆಗುತ್ತದೆ. ಈ ಎಳೆಯುವ ಕೆಲಸ ಮೊದಲ ಸಲ ಮಾಡಿದವರ ಮುಖದಲ್ಲಿ ನಗು ಬಾರದೆ ಇರುವುದನ್ನು ನಾನು ಕಂಡಿಲ್ಲ.

ಒಟ್ಟು ಕೂಡಿಸಲು ಸಮ ಚಿಹ್ನೆ, ಎಸ್, ಯು, ಎಂ ಎಂಬ ಮೂರು ಅಕ್ಷರ, ತೆರೆದ ಕಂಸ, ಇ2, ಮೇಲೆ ಕೆಳಗೆ ಎರಡು ಚುಕ್ಕೆ, ಇ6, ಮುಚ್ಚಿದ ಕಂಸ. "ಇ2ರಿಂದ ಇ6ರ ತನಕ ಕೂಡಿಸು" ಎಂದು ಅದರ ಅರ್ಥ. 12,600 ಬರುತ್ತದೆ. ಹತ್ತು ಕ್ವಿಂಟಾಲ್ ರಾಗಿ ಬಂದಿತೆಂದರೆ ಕ್ವಿಂಟಾಲಿಗೆ 1,260 ರೂಪಾಯಿ ಬಿತ್ತು.

ಇಲ್ಲಿ ನಿಲ್ಲಬಾರದು. ಮನೆಯವರು ದುಡಿದದ್ದು ಎಲ್ಲಿ? ಗಂಡ ಹೆಂಡತಿ ಇಬ್ಬರೂ ಸೇರಿ 12 ಆಳಿನ ಕೆಲಸ ಮಾಡಿದ್ದರೆ ಅದನ್ನೂ ಏಳನೆಯ ಸಾಲಿನಲ್ಲಿ 400ರ ದರದಲ್ಲಿ ಬರೆದು, ಒಟ್ಟಿನ ಲೆಕ್ಕವನ್ನು ಇ7ರ ತನಕ ಬೆಳೆಸಬೇಕು. 4,800 ಸೇರಿ ಒಟ್ಟು 17,400 ಆಯಿತು, ಕ್ವಿಂಟಾಲಿಗೆ 1,740. ಮನೆಯ ಹೆಣ್ಣುಮಕ್ಕಳ ದುಡಿಮೆ ನಮ್ಮ ಲೆಕ್ಕದಲ್ಲಿ ಬಾರದೆ ಹೋಗುವುದು ಹಳೆಯ ಚಾಳಿ. ಈಗ ಆಳಿನ ದರ 400ರಿಂದ 450ಕ್ಕೆ ಏರಿತೆನ್ನಿ. ಕಳೆ ಮತ್ತು ಮನೆಯಾಳು ಎರಡು ಸಾಲಿನ ದರ ಮಾತ್ರ ತಿದ್ದಿದರೆ ಸಾಕು. ಒಟ್ಟು 18,450, ಕ್ವಿಂಟಾಲಿಗೆ 1,845 ಎಂದು ಹಾಳೆಯೇ ಹೇಳುತ್ತದೆ. ವ್ಯಾಪಾರಿ ಬಂದು ದರ ಕೇಳಿದಾಗ ಎಷ್ಟರ ಕೆಳಗೆ ಇಳಿದರೆ ಕೈಗೆ ನಷ್ಟ ಎಂಬುದು ನಿಮಗೆ ಮುಂಚೆಯೇ ತಿಳಿದಿರುತ್ತದೆ.

ಮೊತ್ತ ಬರೆಯುವಾಗ ಮನೆಯೊಳಗೆ "400 ರೂ." ಎಂದು ಅಕ್ಷರ ಸೇರಿಸಬೇಡಿ, ಬರೀ 400 ಎನ್ನಿ. ಅಕ್ಷರ ಸೇರಿದರೆ ಯಂತ್ರ ಅದನ್ನು ಅಂಕಿಯೆಂದು ಎಣಿಸದೆ ಲೆಕ್ಕ ಕೆಡಿಸುತ್ತದೆ. ತಾರೀಕಿನಲ್ಲಿ 5/6 ಎಂದು ಬರೆದರೆ ಕೆಲವು ಯಂತ್ರಗಳಿಗೆ ಅದು ಜೂನ್ 5, ಕೆಲವಕ್ಕೆ ಮೇ 6. ಆದ್ದರಿಂದ ತಿಂಗಳ ಹೆಸರನ್ನು ಬರೆಯುವುದು ವಾಸಿ.

"ಏನಾದರೂ ಒತ್ತಿ ಕೆಟ್ಟುಹೋದರೆ?" ಎಂಬ ಅಂಜಿಕೆ ವಯಸ್ಸಾದವರಿಗೆ ಹೆಚ್ಚು. ಕಂಟ್ರೋಲ್ ಎಂಬ ಗುಂಡಿ ಹಿಡಿದು ಝಡ್ ಒತ್ತಿದರೆ ಹಿಂದಿನ ಸ್ಥಿತಿಗೆ ಬರುತ್ತದೆ. ಕಂಟ್ರೋಲ್ ಹಿಡಿದು ಎಸ್ ಒತ್ತಿದರೆ ಬರೆದದ್ದು ಉಳಿಯುತ್ತದೆ. ಕರೆಂಟು ಯಾವಾಗ ಹೋಗುವುದೋ ಹೇಳಲಾಗದ ನಮ್ಮ ಕಡೆ ಎಸ್ ಅನ್ನು ಆಗಾಗ ಒತ್ತುತ್ತಲೇ ಇರಬೇಕು.

ಸಂಘದ ಪಟ್ಟಿ ಬರೆಯುವವರು ಗಮನಿಸತಕ್ಕದ್ದು

ಈ ಭಾಗವನ್ನು ಹಾಲಿನ ಸಂಘದ ಕಾರ್ಯದರ್ಶಿಗಳೂ ಸ್ವಸಹಾಯ ಗುಂಪಿನ ಅಕ್ಕಂದಿರೂ ರೈತ ಉತ್ಪಾದಕರ ಸಂಸ್ಥೆಗಳಲ್ಲಿ ಲೆಕ್ಕ ಬರೆಯುವ ಹುಡುಗರೂ ಎರಡು ಸಲ ಓದಬೇಕು. ಸ್ವಂತ ಹೊಲದ ಲೆಕ್ಕ ತಪ್ಪಿದರೆ ನಮಗೊಬ್ಬರಿಗೆ ನಷ್ಟ. ಸದಸ್ಯರ ಬ್ಯಾಂಕ್ ಖಾತೆಯ ಪಟ್ಟಿ ತಪ್ಪಿದರೆ ಊರೆಲ್ಲ ಪರದಾಡಬೇಕಾಗುತ್ತದೆ.

ಲೆಕ್ಕದ ಹಾಳೆ ಅಂಕಿಯನ್ನು ಕಂಡ ಕೂಡಲೆ ಅದನ್ನು ಕೂಡಿ ಕಳೆಯುವ ಸಂಖ್ಯೆ ಎಂದೇ ಭಾವಿಸುತ್ತದೆ. 007 ಎಂಬುದೂ 7 ಎಂಬುದೂ ಅದಕ್ಕೆ ಒಂದೇ. ಹೀಗಾಗಿ ಸೊನ್ನೆಯಿಂದ ಶುರುವಾಗುವ ಖಾತೆ ಸಂಖ್ಯೆಯನ್ನು ಬರೆದು ಎಂಟರ್ ಒತ್ತಿದೊಡನೆ ಮುಂದಿನ ಸೊನ್ನೆ ಮಾಯವಾಗುತ್ತದೆ. ಇನ್ನೊಂದು ಇದಕ್ಕಿಂತ ಕೆಟ್ಟದ್ದು. ಎಕ್ಸೆಲ್ ಒಂದು ಸಂಖ್ಯೆಯಲ್ಲಿ 15 ಅಂಕಿಗಳನ್ನು ಮಾತ್ರ ನೆನಪಿಡುತ್ತದೆ. 16 ಅಂಕಿಯ ಖಾತೆ ಸಂಖ್ಯೆ ಬರೆದರೆ ಕೊನೆಯ ಅಂಕಿ ಸೊನ್ನೆಯಾಗಿಬಿಡುತ್ತದೆ. ಯಂತ್ರ ಒಂದು ಮಾತೂ ಹೇಳುವುದಿಲ್ಲ. ಆಧಾರ್ ಸಂಖ್ಯೆಯ 12 ಅಂಕಿಗಳು ನಡುವೆ ಚುಕ್ಕೆಯೂ ಇ ಅಕ್ಷರವೂ ಸೇರಿ ಏನೋ ಗೂಢಲಿಪಿಯಂತೆ ಕಾಣುವುದನ್ನು ನೀವು ನೋಡಿರಬಹುದು. ಅದೂ ಇದೇ ಕಾರಣದಿಂದ.

ನಾನು ಓಡಾಡುವ ಹಳ್ಳಿಗಳ ಪೈಕಿ ಒಂದು ಗುಂಪಿನ ಪಟ್ಟಿ ಹೀಗೆಯೇ ಕೆಟ್ಟು, ಕೆಲವರ ಹಣ ತಿಂಗಳುಗಟ್ಟಲೆ ಬಾರದೆ ಉಳಿಯಿತು. ಬ್ಯಾಂಕಿನವರನ್ನು ಬೈದದ್ದಾಯಿತು, ಪಂಚಾಯಿತಿಯ ಮುಂದೆ ಜಗಳವೂ ಆಯಿತು. ಕೊನೆಗೆ ಪಾಸ್‌ಬುಕ್ಕನ್ನೂ ಪಟ್ಟಿಯನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ಮುಂದಿನ ಸೊನ್ನೆಗಳು ಹೋಗಿರುವುದು ಕಂಡಿತು.

ಉಪಾಯ ಸುಲಭ. ಬರೆಯುವುದಕ್ಕೆ ಮುಂಚೆಯೇ ಆ ಕಂಬಸಾಲನ್ನೆಲ್ಲ ಆರಿಸಿಕೊಂಡು ಅದರ ಮಾದರಿಯನ್ನು "ಟೆಕ್ಸ್ಟ್" ಎಂದು ಬದಲಿಸಬೇಕು. ಇಲ್ಲವೆ ಸಂಖ್ಯೆಯ ಮುಂದೆ ಒಂದು ಒಂಟಿ ಉದ್ಧರಣ ಚಿಹ್ನೆ ಹಾಕಬೇಕು; ಅದು ಹಾಳೆಯಲ್ಲಿ ಕಾಣಿಸುವುದಿಲ್ಲ, ಆದರೆ ಬರೆದದ್ದನ್ನು ಬರೆದಂತೆಯೇ ಇರಿಸುತ್ತದೆ. ಕೆಟ್ಟುಹೋದ ಮೇಲೆ ಮಾದರಿ ಬದಲಿಸಿದರೆ ಹೋದ ಅಂಕಿ ಹಿಂದಿರುಗದು, ಪಾಸ್‌ಬುಕ್ ನೋಡಿ ಮತ್ತೆ ಬರೆಯಲೇಬೇಕು. ಬ್ಯಾಂಕ್ ಶಾಖೆಯನ್ನು ಗುರುತಿಸುವ ಐಎಫ್‌ಎಸ್‌ಸಿ ಸಂಕೇತದಲ್ಲಿ 11 ಅಕ್ಷರಗಳಿರುತ್ತವೆ, ಐದನೆಯದು ಯಾವಾಗಲೂ ಸೊನ್ನೆ. ಅಲ್ಲಿ ಇಂಗ್ಲಿಷಿನ ಓ ಅಕ್ಷರ ಹಾಕಿದರೆ ಅದೂ ತಪ್ಪೇ.

ಅಕಾರಾದಿಯಾಗಿ ಹೆಸರು ಜೋಡಿಸುವಾಗಲೂ ಎಚ್ಚರ ಬೇಕು. ಹೆಸರಿನ ಕಂಬಸಾಲನ್ನು ಮಾತ್ರ ಆರಿಸಿ ಜೋಡಿಸಿದರೆ ಹೆಸರುಗಳು ಜಾಗ ಬದಲಾಯಿಸುತ್ತವೆ, ಪಕ್ಕದ ಖಾತೆ ಸಂಖ್ಯೆಗಳು ಇದ್ದಲ್ಲೇ ಉಳಿಯುತ್ತವೆ. ಆಗ ಒಬ್ಬರ ಹಣ ಇನ್ನೊಬ್ಬರಿಗೆ. ಇಡೀ ಪಟ್ಟಿಯನ್ನು ಆರಿಸಿಯೇ ಜೋಡಿಸತಕ್ಕದ್ದು. ಯಂತ್ರ ಕೆಲವು ವೇಳೆ "ಪಕ್ಕದವನ್ನೂ ಸೇರಿಸಲೇ?" ಎಂದು ಕೇಳುತ್ತದೆ. ಹೂಂ ಎನ್ನಿ. ಪಟ್ಟಿ ಕಳುಹಿಸುವ ಮುಂಚೆ ಒಬ್ಬರು ಪಾಸ್‌ಬುಕ್ ಓದಿ ಹೇಳಬೇಕು, ಇನ್ನೊಬ್ಬರು ಹಾಳೆ ನೋಡಿ ಒಪ್ಪಬೇಕು. ಹಳೆಯ ಸೊಸೈಟಿಗಳಲ್ಲಿ ಇದು ವಾಡಿಕೆಯಾಗಿತ್ತು, ಈಗ ಯಂತ್ರ ಬಂತೆಂದು ಬಿಟ್ಟಿದ್ದಾರೆ.

ಮಿಂಚಂಚೆ

1971ರಲ್ಲಿ ಅಮೆರಿಕದ ರೇ ಟಾಮ್ಲಿನ್‌ಸನ್ ಎಂಬ ಎಂಜಿನಿಯರು ಒಂದು ಗಣಕಯಂತ್ರದಿಂದ ಇನ್ನೊಂದಕ್ಕೆ ಕಾಗದ ಕಳುಹಿಸಿದಾಗ ವಿಳಾಸದ ನಡುವೆ "ಅಟ್" ಎಂಬ ಸುರುಳಿ ಗುರುತನ್ನು ಬಳಸಿದರು. ಆ ಪದ್ಧತಿ ಇಂದಿಗೂ ಉಳಿದಿದೆ. ಸುರುಳಿಯ ಹಿಂದಿರುವುದು ಆಸಾಮಿಯ ಹೆಸರು, ಮುಂದಿರುವುದು ಅವರ ಅಂಚೆ ಕಚೇರಿ. ಒಂದು ಅಕ್ಷರ ತಪ್ಪಿದರೂ ಕಾಗದ ಬೇರೆಯವರಿಗೆ ಹೋಗುತ್ತದೆ ಅಥವಾ ಹಿಂದಕ್ಕೆ ಬರುತ್ತದೆ. ನಮ್ಮ ಪೋಸ್ಟ್‌ಮನ್ ಹೆಸರು ಅರೆಬರೆ ಇದ್ದರೂ ಕೇಳಿಕೊಂಡು ತಂದುಕೊಟ್ಟಾರು. ಯಂತ್ರಕ್ಕೆ ಆ ದಾಕ್ಷಿಣ್ಯವಿಲ್ಲ.

ವಿಳಾಸವನ್ನು ನಿಮ್ಮ ಹೆಸರಿನಲ್ಲಿ, ನಿಮ್ಮದೇ ಫೋನ್ ನಂಬರು ಕೊಟ್ಟು ಮಾಡಿಸಬೇಕು. ಅಂಗಡಿಯವರ ನಂಬರು ಕೊಟ್ಟು ಮಾಡಿಸಿದರೆ, ಗುಪ್ತಪದ ಅಂದರೆ ಪಾಸ್‌ವರ್ಡ್ ಮರೆತಾಗ ಹೊಸದನ್ನು ಪಡೆಯುವ ಸಂಕೇತ ಅವರ ಫೋನಿಗೇ ಹೋಗುತ್ತದೆ. ಡಬ್ಬಿ ನಿಮ್ಮದು, ಕೀಲಿ ಅವರದು ಎಂಬಂತಾಗುತ್ತದೆ. ಗುಪ್ತಪದವನ್ನು ಮನೆಯ ಪೆಟ್ಟಿಗೆಯಲ್ಲಿ ಪತ್ರಗಳೊಡನೆ ಬರೆದಿಡಿ, ಫೋನಿನ ಹಿಂದೆ ಚೀಟಿ ಅಂಟಿಸಬೇಡಿ.

ಕಾಗದದ ಮೇಲ್ಭಾಗದಲ್ಲಿ ಮೂರು ಜಾಗಗಳಿವೆ. "ಟು" ಎಂಬಲ್ಲಿ ಯಾರಿಗೆ ಎಂಬುದು. "ಸಿಸಿ" ಎಂದರೆ ಕಾರ್ಬನ್ ಕಾಪಿ. ಹಾಳೆಗಳ ನಡುವೆ ನೀಲಿ ಕಾರ್ಬನ್ ಇಟ್ಟು ಬರೆಯುತ್ತಿದ್ದ ಕಾಲದ ಹೆಸರೇ ಉಳಿದುಕೊಂಡಿದೆ. ಪ್ರತಿ ಯಾರಿಗೆ ಹೋಗಬೇಕೋ ಅವರ ವಿಳಾಸ ಅಲ್ಲಿ. "ಸಬ್ಜೆಕ್ಟ್" ಎಂಬಲ್ಲಿ ವಿಷಯ. ವಿಷಯವಿಲ್ಲದ ಕಾಗದವನ್ನು ತೆರೆಯುವ ತಾಳ್ಮೆ ಯಾವ ಗುಮಾಸ್ತರಿಗೂ ಇರುವುದಿಲ್ಲ. ಬರೀ "ಅರ್ಜಿ" ಎಂದು ಬರೆದರೂ ಹಾಗೆಯೇ.

ಒಂದು ಸಂದರ್ಭ ನೋಡೋಣ. ಪ್ರಧಾನ ಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಆಲಿಕಲ್ಲು, ಜಲಾವೃತ ಮುಂತಾದ ಸ್ಥಳೀಯ ವಿಕೋಪದಿಂದ ಬೆಳೆ ಹಾಳಾದರೆ 72 ಗಂಟೆಯೊಳಗೆ ತಿಳಿಸಬೇಕೆಂದು ನಿಯಮವಿದೆ. ಮೂರೇ ದಿನ. ಮೊದಲು ವಿಮಾ ಕಂಪೆನಿಯ ದೂರವಾಣಿಗೆ ಕರೆ ಮಾಡಿ ದೂರಿನ ಸಂಖ್ಯೆ ಬರೆದುಕೊಳ್ಳಿ. ಅದರ ಜೊತೆಗೆ ವಿಮಾ ಕಂಪೆನಿಗೆ ಒಂದು ಮಿಂಚಂಚೆ, ಬ್ಯಾಂಕಿಗೂ ಕೃಷಿ ಇಲಾಖೆಯ ಕಚೇರಿಗೂ ಅದರ ಪ್ರತಿ. ಹೀಗೆ ಬರೆಯಬಹುದು:

"ವಿಷಯ: ಆಲಿಕಲ್ಲು ಮಳೆಯಿಂದ ರಾಗಿ ಬೆಳೆ ಹಾನಿ, (ಗ್ರಾಮದ ಹೆಸರು), ಸರ್ವೆ ನಂಬರು (ಇಷ್ಟು).

ಮಾನ್ಯರೇ, ಮೇಲೆ ಹೇಳಿದ ಸರ್ವೆ ನಂಬರಿನಲ್ಲಿ 1 ಎಕರೆ 10 ಗುಂಟೆ ರಾಗಿ ಬೆಳೆ ಇದೆ. (ಇಂಥ ತಾರೀಕು) ಸಂಜೆ 5 ಗಂಟೆಗೆ ಆಲಿಕಲ್ಲು ಬಿದ್ದು ತೆನೆ ಉದುರಿದೆ. ವಿಮೆಯ ಅರ್ಜಿ ಸಂಖ್ಯೆ (ಇಷ್ಟು). ದೂರವಾಣಿಯಲ್ಲಿಯೂ ತಿಳಿಸಿದ್ದೇನೆ, ದೂರಿನ ಸಂಖ್ಯೆ (ಇಷ್ಟು). ಹೊಲದ ನಾಲ್ಕು ಚಿತ್ರಗಳನ್ನು ಲಗತ್ತಿಸಿದೆ. ಪರಿಶೀಲನೆಗೆ ಬರುವ ದಿನವನ್ನು ದಯವಿಟ್ಟು ತಿಳಿಸಿರಿ."

ಕೆಳಗೆ ಹೆಸರು, ತಂದೆಯ ಅಥವಾ ಗಂಡನ ಹೆಸರು, ಊರು, ಫೋನ್ ನಂಬರು. ಇಷ್ಟು ಸಾಕು. ತಾತನ ಕಾಲದಿಂದ ಪಟ್ಟ ಕಷ್ಟವನ್ನೆಲ್ಲ ಬರೆದರೆ ಸರ್ವೆ ನಂಬರು ಅದರೊಳಗೆ ಹೂತುಹೋಗುತ್ತದೆ. ಒಂದು ಕಾಗದಕ್ಕೆ ಒಂದೇ ವಿಷಯ. ವಿಮೆಯ ಕಾಗದದಲ್ಲಿ ಬೋರ್‌ವೆಲ್ಲಿನ ಮಾತು ಬೇಡ.

ಕಳುಹಿಸಿದ ಕಾಗದದ ನಕಲು "ಸೆಂಟ್" ಎಂಬ ಕಡತದಲ್ಲಿ ದಿನ, ಗಂಟೆ, ನಿಮಿಷದ ಸಮೇತ ಉಳಿಯುತ್ತದೆ. ಮಿಂಚಂಚೆಯ ದೊಡ್ಡ ಉಪಯೋಗ ಇದೇ ಎಂದು ನನ್ನ ಅಭಿಪ್ರಾಯ. ಕಚೇರಿಯ ಕಿಟಕಿಯಲ್ಲಿ ಕೊಟ್ಟ ಅರ್ಜಿಗೆ ಸ್ವೀಕೃತಿ ಕೇಳಲು ಸಂಕೋಚಪಡುವವರು ನಮ್ಮಲ್ಲಿ ಬಹಳ. "ನೀವು ತಿಳಿಸಲೇ ಇಲ್ಲ" ಎಂಬ ಮಾತು ಬಂದಾಗ ಈ ನಕಲನ್ನು ತೋರಿಸಬಹುದು. 2000ನೇ ಇಸವಿಯ ಮಾಹಿತಿ ತಂತ್ರಜ್ಞಾನ ಕಾಯಿದೆ ವಿದ್ಯುನ್ಮಾನ ದಾಖಲೆಗಳಿಗೆ ಮಾನ್ಯತೆ ಕೊಟ್ಟಿದೆ. ಆದಕಾರಣ ಕಳುಹಿಸಿದ್ದನ್ನು ಅಳಿಸಬೇಡಿ.

ಚಿತ್ರ, ಪಹಣಿ ಮೊದಲಾದುವನ್ನು ಲಗತ್ತಿಸಲು ಕಾಗದದ ಕ್ಲಿಪ್ಪಿನಂಥ ಗುರುತನ್ನು ಒತ್ತಬೇಕು. ಜಿಮೇಲ್‌ನಲ್ಲಿ ಒಂದು ಕಾಗದದೊಡನೆ 25 ಎಂಬಿ ತೂಕದವರೆಗೆ ಲಗತ್ತಿಸಬಹುದು. ನಾಲ್ಕೈದು ಚಿತ್ರಕ್ಕೆ ಇದು ಸಾಕು, ಹೊಲದ ವಿಡಿಯೋಕ್ಕೆ ಸಾಲದು. ಲಗತ್ತಿಸಿದೆ ಎಂದು ಬರೆದು ಲಗತ್ತಿಸುವುದನ್ನೇ ಮರೆಯುವುದು ಆಫೀಸಿನವರಲ್ಲೂ ಇರುವ ರೋಗ.

ಕನ್ನಡದಲ್ಲಿ ಬರೆಯುವ ಬಗ್ಗೆ

ಕಾಗದ ಇಂಗ್ಲಿಷಿನಲ್ಲೇ ಇರಬೇಕೆಂಬ ಕಟ್ಟಳೆಯೇನಿಲ್ಲ. ಆದರೆ ಒಂದು ತೊಡಕು ತಿಳಿದಿರಬೇಕು. ನುಡಿ, ಬರಹ ಎಂಬ ತಂತ್ರಾಂಶಗಳ ಹಳೆಯ ಅಕ್ಷರಗಳಲ್ಲಿ ಟೈಪು ಮಾಡಿದ ಪತ್ರವನ್ನು ಆ ಅಕ್ಷರಗಳಿಲ್ಲದ ಯಂತ್ರದಲ್ಲಿ ತೆರೆದರೆ ಕನ್ನಡದ ಬದಲು ರೋಮನ್ ಅಕ್ಷರಗಳ ಕಿಚಡಿ ಕಾಣುತ್ತದೆ. ಯೂನಿಕೋಡ್ ಎಂಬ ಪದ್ಧತಿಯಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ಪ್ರಪಂಚವೆಲ್ಲ ಒಪ್ಪಿದ ಒಂದೊಂದು ಸಂಖ್ಯೆಯಿದೆ; ಅದರಲ್ಲಿ ಬರೆದದ್ದು ಎಲ್ಲಿ ತೆರೆದರೂ ಕನ್ನಡವಾಗಿಯೇ ಇರುತ್ತದೆ. ಹೊಸ ನುಡಿಯಲ್ಲೂ ಈ ಸೌಕರ್ಯವಿದೆ. ಫೋನಿನ ಕನ್ನಡ ಕೀಲಿಮಣೆಯಲ್ಲಿ ಬರೆದದ್ದು ಯೂನಿಕೋಡೇ. ಟೈಪಿಂಗ್ ಅಂಗಡಿಯಲ್ಲಿ ಅರ್ಜಿ ಬರೆಸುವವರು "ಯೂನಿಕೋಡಿನಲ್ಲಿ ಮಾಡಿಕೊಡಿ, ಇಲ್ಲವೆ ಪಿಡಿಎಫ್ ಮಾಡಿಕೊಡಿ" ಎಂದು ಕೇಳಿರಿ. ಬೆರಳಿಗೆ ಟೈಪು ಒಗ್ಗದವರು ಕೀಲಿಮಣೆಯ ಮೈಕಿನ ಗುರುತು ಒತ್ತಿ ಮಾತಾಡಿದರೆ ಅದೇ ಬರೆದುಕೊಳ್ಳುತ್ತದೆ. ಆದರೆ ನಮ್ಮ ಊರು ಹೆಸರುಗಳನ್ನು ಅದು ಬಾಯಿಗೆ ಬಂದಂತೆ ಬರೆಯುವುದರಿಂದ ಓದಿ ತಿದ್ದದೆ ಕಳುಹಿಸಬಾರದು.

ಬರುವ ಕಾಗದಗಳಲ್ಲಿ ಕಳ್ಳ ಕಾಗದಗಳೂ ಇರುತ್ತವೆ. "ನಿಮ್ಮ ಸಹಾಯಧನ ಮಂಜೂರಾಗಿದೆ, ಇಲ್ಲಿ ಒತ್ತಿ, ಒಟಿಪಿ ಹೇಳಿ" ಎಂದು ಬಂದರೆ ಒತ್ತಬೇಡಿ, ಹೇಳಲೂ ಬೇಡಿ. ಹಣ ಹೋಗಿಬಿಟ್ಟಿದ್ದರೆ ನಾಚಿಕೆಪಟ್ಟು ಸುಮ್ಮನಿರದೆ ಕೂಡಲೆ 1930 ಎಂಬ ನಂಬರಿಗೆ ಕರೆ ಮಾಡಿ. ಬೇಗ ತಿಳಿಸಿದಷ್ಟೂ ಹಣವನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಅನೇಕ ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. ಹಲವು ಕಡೆ ಗಣಕಯಂತ್ರವೂ ಇದೆ. ಶಾಲೆಯ ಮಕ್ಕಳನ್ನು ಜೊತೆಗೆ ಕರೆದೊಯ್ದು ಅಭ್ಯಾಸ ಮಾಡಬಹುದು, ಆದರೆ ಮೌಸು ನಿಮ್ಮ ಕೈಯಲ್ಲಿರಲಿ. ಮಗ ಒತ್ತಿ ಅಪ್ಪ ನೋಡಿದರೆ ಕಲಿತವನು ಮಗನೇ. ಹತ್ತು ಜನ ಬಳಸುವ ಯಂತ್ರದಲ್ಲಿ ಮಿಂಚಂಚೆ ತೆರೆದರೆ ಏಳುವ ಮುಂಚೆ "ಸೈನ್ ಔಟ್" ಒತ್ತಬೇಕು. ಕಿಟಕಿಯನ್ನು ಮುಚ್ಚಿದರೆ ಸಾಲದು.

ಈ ತಿಂಗಳು ನಿಮ್ಮ ಒಂದು ಬೆಳೆಯ ಲೆಕ್ಕವನ್ನು, ಮನೆಯಾಳಿನ ದುಡಿಮೆಯನ್ನೂ ಸೇರಿಸಿ, ಹಾಳೆಯಲ್ಲಿ ಬರೆದು ತನ್ನಿ. ಸಂಘದ ಪಟ್ಟಿ ಇರುವವರು ಖಾತೆ ಸಂಖ್ಯೆಯ ಕಂಬಸಾಲನ್ನು ಪಾಸ್‌ಬುಕ್ಕಿನೊಡನೆ ತಾಳೆ ನೋಡಿಕೊಂಡು ಬನ್ನಿ. ಹಳ್ಳಿಗೆ ಬಂದಾಗ ಕುಳಿತು ನೋಡೋಣ.